ಆರು ಸಾಲಿನ ತೋಟ

ಗುಡಿಬಂಡೆಯ ಕೋಟೆಬೆಟ್ಟದ ಮೂಡಲಿಗೆ
ತುಕ್ಕು ಹಿಡಿದ ಗೇಟು; ಬೀಗವಿಲ್ಲ, ತಂತಿ ಸುತ್ತಿದೆ.
ರಸ್ತೆ ಅಗಲಿಸುವವರು ಕಳಿಸಿದ್ದಾರೆ ನನ್ನನ್ನು:
ಟೇಪು, ಬಿಳಿ ಬಣ್ಣದ ಡಬ್ಬಿ, ನೋಟುಬುಕ್ಕು.
ಬೇಕಾದದ್ದು ಕೊನೆಯ ಎರಡೇ ಸಾಲು,
ನಾಲ್ಕು ಉಳಿಯುತ್ತಲ್ಲ, ಎಂದಿದ್ದಾರೆ ಇಂಜಿನಿಯರು.

ನೆಟ್ಟವನು ಕವಿಯಂತೆ, ಪಾಳೆಯಗಾರರ ಕಾಲದ
ಶಾನುಭೋಗ ನಂಜರಸಯ್ಯ.
ಬರೆದದ್ದರಲ್ಲಿ ಒಂದೋಲೆಯೂ ಉಳಿದಿಲ್ಲ.
'ಎಲ್ಲಾ ಗೆದ್ದಲು ಓದ್ಕೊಂಡ್ತು ಸಾರ್'
ಎನ್ನುತ್ತಾಳೆ ಕಾವಲಿನ ಪಿಳ್ಳಕ್ಕ,
ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತ.

ಟೇಪು ಎಳೆದೆ. ಲೆಕ್ಕ ಕೂಡಲಿಲ್ಲ.
'ಮೀಟರಿಗೆ ಸಿಗಲ್ಲ ಇದು, ಮಾರು ಹಾಕಿ' ಎಂದು
ಎದ್ದು ಬಂದು ಎರಡೂ ತೋಳು ಚಾಚಿದಳು:
ದಾಳಿಂಬೆಗೆ ಒಂದು ಮಾರು, ದೊಡ್ಡ ಮರಕ್ಕೆ ಎರಡು.
ಮೊದಲ ಸಾಲು ಹದಿನಾಲ್ಕು.
ಎರಡನೆಯದೂ ಹದಿನಾಲ್ಕು.
ಮೂರನೆಯದು ನಿಲ್ಲದೆ ಓಡಿ
ಬಾವಿಕಟ್ಟೆಯ ಹತ್ತಿರ ಉಸಿರು ಬಿಟ್ಟಿತು: ಇಪ್ಪತ್ತಮೂರು.

ಎಲ್ಲೋ ಒಂದು ಬೆರಳು ಮೇಜು ಕುಟ್ಟಿತು.
ಬಾಗೇಪಲ್ಲಿಯ ಶಾಲೆ, ನಶ್ಯದ ಘಾಟು,
ಶಾಮಾಚಾರ್ ಮೇಷ್ಟರು: ಮೂರು ನಾಲ್ಕು, ಮೂರು ನಾಲ್ಕು...
ಪ್ರಸ್ತಾರ ತಪ್ಪಿದರೆ ಗೆಣ್ಣಿಗೆ ಪೆಟ್ಟು.
ಬಣ್ಣದ ಡಬ್ಬಿ ನೆಲಕ್ಕಿಟ್ಟು ನಿಂತೆ.
ಭಾಮಿನಿಯೊಳಗೆ ನಿಂತಿದ್ದೆ, ಚಪ್ಪಲಿ ಹಾಕಿಕೊಂಡು.

ಹಾಗಾದರೆ ಪ್ರಾಸ? ಓಡಿದೆ, ಐವತ್ತೆರಡರ ಮಂಡಿಯಲ್ಲಿ.
ಪ್ರತಿ ಸಾಲಿನ ಎರಡನೆಯ ಮರ ನೇರಳೆ.
ನಾಲ್ಕನೆಯದರಲ್ಲಿ ಮಾತ್ರ ಬೊಡ್ಡೆ,
ಮೇಲೆ ಕೂತಿದೆ ಪಂಪಿನ ಸ್ಟಾರ್ಟರ್ ಡಬ್ಬಿ.
'ಆರರಲ್ಲೂ ಎರಡನೇದು ನೇರೇಡೇ ಸಾರ್,' ಎಂದಳು
ಗೊತ್ತಿಲ್ಲವೇ ಎಂಬಂತೆ,
'ನಮ್ಮತ್ತೆ ಏಣಿ ಹೊತ್ತು ನೆಟ್ಟಗೆ ಹೋಗೋಳು,
ಎಲ್ಲೂ ತಿರುಗ್ದೆ.'

ಗೆಣ್ಣಿಗೆ ಬಿದ್ದ ಪೆಟ್ಟುಗಳಲ್ಲಿ
ಯಾವುದೂ ಹೇಳಿರಲಿಲ್ಲ
ಪ್ರಾಸವೆಂದರೆ ಏಣಿಯ ದಾರಿ ಎಂದು.

ಆರನೆಯ ಸಾಲಿನ ತುದಿಯಲ್ಲಿ
ಹುಣಸೆ ಇರಬೇಕಿದ್ದಲ್ಲಿ ಒಂದು ನುಗ್ಗೆ.
ಗಾಳಿಗೆ ಮುರಿಯುವ ಮರ, ಕಾಯಿ ಮಾತ್ರ ಮೈತುಂಬ.
'ಅದು ನಾನು ಚುಚ್ಚಿದ್ದು. ಜಾಗ ಖಾಲಿ ಇತ್ತು.'
ಸ್ವಲ್ಪ ಹೊತ್ತು ಸುಮ್ಮನಿದ್ದು,
'ಅದಕ್ಕೂ ನಂಬರ್ ಹಾಕ್ತೀರಾ?'

ಕಾಂಡ ಸವರಿದೆ. ಬೆರಳಿಗೆ ಅಂಟು.
ಪಾದದ ಕೊನೆಯ ಲಘುವನ್ನು
ಗುರುವೆಂದೇ ಎಣಿಸಬೇಕು, ಮೇಷ್ಟರ ಮಾತು.

ನೋಟುಬುಕ್ಕಿನಲ್ಲಿ ನಂಬರಿಲ್ಲ ಈಗ,
ಬರೀ ಬಟ್ಟಲು, ಗೆರೆ, ಬಟ್ಟಲು, ಗೆರೆ.
ಆಫೀಸಿನಲ್ಲಿ ಕೇಳುತ್ತಾರೆ.
ಎರಡು ಸಾಲು ಕಡಿದ ಷಟ್ಪದಿಗೆ
ಏನೆನ್ನುತ್ತಾರೆಂದು ನಾನೂ ಕೇಳಬೇಕು.
ಡಬ್ಬಿಯಲ್ಲಿ ಬಣ್ಣ ಕೆನೆಗಟ್ಟುತ್ತಿದೆ;
ಒಂದು ಇರುವೆ ಅದರ ಮೇಲೆ
ನಡೆದು ನೋಡುತ್ತಿದೆ.