ಪೊರೆ

ಮೊದಲ ಸೇತುವೆ ದಾಟಿದ ಮೇಲೆ ಡಾಂಬರಿಲ್ಲ.
ಇಲ್ಲಿಂದಾಚೆ ಜಲ್ಲಿ, ಧೂಳು, ಟೈರು ಸೀಳುವ ಚೂಪುಗಲ್ಲು.
ಊರು ಐನೂರೈವತ್ತು ಕಿಲೋಮೀಟರು.
ಪಕ್ಕದ ಸೀಟಿನಲ್ಲಿ ಯೂನಿಸ್ ದೊಡ್ಡಮ್ಮ,
ತೊಡೆಯ ಮೇಲೆ ಹನಿಮದ್ದಿನ ಡಬ್ಬಿ,
ಬಲಗಣ್ಣೊಳಗೆ ಹೊಚ್ಚ ಹೊಸ ಮಸೂರ.
ಎಡಗಣ್ಣಿನದು ಮಾರ್ಚ್‌ನಲ್ಲಿ ಅಂದಿದ್ದಾರೆ
ವೈಟ್‌ಹಾರ್ಸ್‌ನ ಡಾಕ್ಟರು.

ಮೊದಲ ಗಂಟೆಯೆಲ್ಲ ವಿಚಾರಣೆ.
"ವಿಲ್ಬರ್, ಈ ಗಾಜು ಯಾವಾಗ ಸೀಳಿತು?"
ಮೂರು ವರ್ಷವಾಯಿತು, ದೊಡ್ಡಮ್ಮ.
"ನಿನ್ನ ಗಡ್ಡ ನೆರೆತದ್ದು?"
ಅದೂ ಅಷ್ಟೇ.
ಆಮೇಲೆ ತನ್ನ ಕೈಯನ್ನೇ ತಿರುಗಿಸಿ ಮುರುಗಿಸಿ ನೋಡಿ
ಯಾರದೋ ಸಾಮಾನು ತಪ್ಪಿ ಹೊತ್ತುತಂದವಳಂತೆ
ಕೈಗವಸಿನೊಳಗೆ ತುರುಕಿಟ್ಟಳು.

ಟೂಂಬ್‌ಸ್ಟೋನ್ ಬೆಟ್ಟಗಳ ಎದುರು
ಗಾಡಿ ನಿಲ್ಲಿಸಲು ಒಂದಿಷ್ಟು ಅಗಲ ಜಾಗ.
ಆಗಸ್ಟಿನ ಕೊನೆ. ಮೊಣಕಾಲೆತ್ತರದ ಭೂರ್ಜದ ಪೊದೆಗೆ
ಕೆಂಡ ತಗುಲಿ, ಕಣಿವೆಯುದ್ದಕ್ಕೂ ಹಬ್ಬಿ,
ಕಪ್ಪು ಕೋಡುಗಲ್ಲುಗಳ ಬುಡಕ್ಕೆ ಹೋಗಿ ಆರಿತ್ತು.
ಜರ್ಮನಿಯ ಗಂಡಹೆಂಡಿರು ಮುಕ್ಕಾಲಿಯ ಮೇಲೆ ಕ್ಯಾಮೆರಾ ಕೂರಿಸಿ
ಮೋಡ ಸರಿಯಲೆಂದು ಬೆಳಗಿನಿಂದ ಕಾಯುತ್ತಿದ್ದಾರಂತೆ.
ದೊಡ್ಡಮ್ಮ ನನ್ನ ಕಿವಿಗೆ ಬಂದಳು:
"ಅದು ನಿಜವಾದ ಮೋಡವೇನೋ?
ಹತ್ತು ವರ್ಷ ಆ ಬೆಟ್ಟವನ್ನು ಬೈದಿದ್ದೇನೆ,
ಯಾವಾಗ ಬಂದರೂ ಮುಸುಕು ಹಾಕಿ ಮಲಗಿರುತ್ತೆ ಅಂತ."
ಬಗ್ಗಿದಳು. ಅವರ ಬೂಟಿನ ಪಕ್ಕದಿಂದಲೇ
ಬ್ಲೂಬೆರಿ ಬಿಡಿಸತೊಡಗಿದಳು,
ಒಂದೊಂದನ್ನೂ ಬೆಳಕಿಗೆ ಹಿಡಿದು:
"ಇದರ ಮೇಲೆ ಬೂದಿ ಕೂತಿರುತ್ತೆ ಅನ್ನೋದೇ
ಮರೆತುಹೋಗಿತ್ತು ನೋಡು."

ಓಗಿಲ್ವಿಯ ಬೋಳು ಸುಣ್ಣಗುಡ್ಡ. ತುಕ್ಕು ಬಣ್ಣದ ತೊರೆ.
ಎರಡು ಸಲ ಟೈರು ಹೋಯಿತು; ಸ್ಟೆಪ್ನಿ ಇದ್ದದ್ದು ಒಂದು.
ಗ್ರೇಡರ್ ಓಡಿಸುವ ಲಾರೆನ್ಸ್ ಇಳಿದು ಬಂದು ತೇಪೆ ಹಾಕಿ,
ದುಡ್ಡು ಬೇಡವೆಂದು, ಒಣಮೀನು ಇಸಕೊಂಡು ಹೋದ.

ಈಗಲ್ ಪ್ಲೇನ್ಸ್‌ನಲ್ಲಿ ಪೆಟ್ರೋಲು, ಬಿಸಿ ಸೂಪು.
ಆರ್ಕ್ಟಿಕ್ ವೃತ್ತದ ಫಲಕದ ಮುಂದೆ ಫೋಟೋ ಅಂದರೆ
"ಗೆರೆ ಎಲ್ಲಿದೆ, ಮೊದಲು ತೋರಿಸು.
ಈಗ ಕಣ್ಣು ಕಾಣುತ್ತೆ ನನಗೆ."

ರಿಚರ್ಡ್‌ಸನ್ ಬೆಟ್ಟಗಳಲ್ಲಿ ಒಂದೂ ಮರವಿಲ್ಲ.
ಹೆರೆದು ಹದಮಾಡಿದ ತೊಗಲನ್ನು
ಮಲಗಿದ ಮೃಗಗಳ ಮೇಲೆ ಹೊದಿಸಿದ ಹಾಗೆ
ಒಂದರ ಬೆನ್ನಿಗೆ ಒಂದು,
ಸಂಜೆಯೋ, ಮುಗಿಯಲು ಮನಸ್ಸೇ ಇಲ್ಲದ ಸಂಜೆ.
ಇಳಿಜಾರಿನಲ್ಲಿ ಕಲ್ಲುಗಳೆಂದು ನಾನು ಸುಮ್ಮನಿದ್ದವನ್ನು
ಕ್ಯಾರಿಬೂ ಅಂದಳು.
ಕಲ್ಲುಗಳು ಎದ್ದು ನಡೆದವು.

"ರಸ್ತೆ ಹುಟ್ಟುವ ಮೊದಲು ಇಲ್ಲಿ ನಡೆದಿದ್ದೇನೆ.
ಏಳು ನಾಯಿ, ಒಂದು ಜಾರುಬಂಡಿ, ಹೊಟ್ಟೆಯಲ್ಲಿ ನಿನ್ನ ಅಕ್ಕ.
ಅಗೋ ಆ ಕೊರಕಲಲ್ಲಿ ಡೇರೆ. ಮೂರು ದಿನ ಗಾಳಿ."
ತುಸು ಹೊತ್ತು ಬಿಟ್ಟು, ದೂರು ಹೇಳುವವಳಂತೆ:
"ಇಷ್ಟು ಚಿಕ್ಕದಿತ್ತಾ ಅದು?"

ಪೀಲ್ ನದಿಗೆ ಬಂದಾಗ ಹಡಗು ಆಚೆ ದಡದಲ್ಲಿತ್ತು.
ಎನಾಕ್ ದೊಡ್ಡಪ್ಪ ಇಪ್ಪತ್ತು ಬೇಸಿಗೆ ದುಡಿದ ದಡ.
ಎಂಜಿನ್ ಆರಿಸಿದೆ. ಧೂಳು ನಮ್ಮನ್ನು ದಾಟಿ
ನೀರಿನ ಮೇಲೆ ಹೋಯಿತು.
ದೊಡ್ಡಮ್ಮ ಅಂಗೈಯಿಂದ ಎಡಗಣ್ಣು ಮುಚ್ಚಿದಳು.
"ಯಾರೋ ಹುಡುಗ. ಕಿತ್ತಳೆ ಜಾಕೆಟ್ಟು. ಫೋನ್ ನೋಡ್ತಿದ್ದಾನೆ."
ಕೈ ಬದಲಿಸಿ ಬಲಗಣ್ಣು ಮುಚ್ಚಿದಳು.
ಮಾತಿಲ್ಲ.
ಏನು ಕಾಣುತ್ತೆ ದೊಡ್ಡಮ್ಮ?
"ಉದ್ದನೆಯವನು. ಸ್ವಲ್ಪ ವಾಲಿ ನಿಂತಿದ್ದಾನೆ."

ಒಂದು ಕಣ್ಣಿನ ಪೊರೆ ಕಳೆದಿತ್ತು.
ಇನ್ನೊಂದು ಇನ್ನೂ ಯಾರನ್ನೋ ಪೊರೆಯುತ್ತಿತ್ತು.

"ಮಾರ್ಚ್ ಬೇಡ, ಮುಂದಕ್ಕೆ ಹಾಕಿಸು," ಅಂದಳು.
ಎಲ್ಲಿಯವರೆಗೆ?
ಹಡಗಿನ ಕಬ್ಬಿಣದ ನಾಲಿಗೆ ಜಲ್ಲಿಗೆ ತಾಗಿ ಕಿರುಗುಟ್ಟಿತು.
ಬಲಗಣ್ಣ ಮೇಲಿನ ಕೈ ತೆಗೆಯದೆ,
ಇನ್ನೊಂದು ಕೈಯಲ್ಲಿ ತಡಕಾಡಿ ತಡಕಾಡಿ
ಸೀಟ್ ಬೆಲ್ಟ್ ಸಿಗಿಸಿಕೊಂಡಳು.