ಬೆರಳು ಸಂದು

ಮೊದಲ ಅಳತೆ ಗಾಡಿಯದು.
ಹಿಡಿಯಿಂದ ಗಾಲಿಯವರೆಗೆ ಆರಡಿ ನಾಲ್ಕಿಂಚು,
ಅಡ್ಡಕ್ಕೆ ಮೂರೂಕಾಲು.
ತಟ್ಟೆ ಇಡ್ಲಿಯ ಸ್ಟ್ಯಾಂಡು ಇಳಿಸದೆ ಒಳಗೆ ತಳ್ಳಬೇಕೆಂದರೆ
ಬಾಗಿಲು ನನಗಿಂತ ಒಂದು ಗೇಣು ಎತ್ತರ.
ಲೆಕ್ಕ ಬರೆದದ್ದು ಗ್ಯಾಸ್ ಬಿಲ್ಲಿನ ಹಿಂದೆ,
ಮಗಳ ಕಾಡಿಗೆ ಪೆನ್ಸಿಲಿನಲ್ಲಿ.

ಲಿಂಗರಾಜಪುರದಲ್ಲಿ ನಮ್ಮ ಪಾಲಿಗೆ ಉಳಿದ ಜಾಗ
ಮನೆಗೂ ಅರುಳಪ್ಪನವರ ಗ್ಯಾರೇಜಿಗೂ ನಡುವೆ:
ಒಡೆದ ಸಿಂಕು, ಒಂದು ಪಪ್ಪಾಯಿ ಗಿಡ, ಯಾರದೋ ಬೆಕ್ಕು.
ರಸ್ತೆಯಲ್ಲಿ ಬಿಟ್ಟ ಗಾಡಿಯನ್ನು ಎರಡು ಸಲ ಲಾರಿಗೆ ಎತ್ತಿಕೊಂಡು ಹೋದರು,
ಬಿಡಿಸಿಕೊಂಡು ಬಂದಾಗ ಒಂದು ಗಾಲಿ ಸೊಟ್ಟ.
ಮೂರು ಕಡೆ ಹೇಗೋ ಮುಚ್ಚಿಕೊಂಡೇನು.
ನಾಲ್ಕನೆಯದು ಆಗಲೇ ನಿಂತಿದೆ,
ಒಂಬತ್ತಿಂಚಿನ ಗೋಡೆ, ಸುಣ್ಣ ಉದುರಿದರೂ ನೆಟ್ಟಗೆ.
ಆದರೆ ಅದು ಅವರದು.

ಕೇಳಲು ಹೋದೆ. ಬರಿಗೈಲಿ ಬೇಡವೆಂದು
ಎರಡು ಇಡ್ಲಿ, ಕೆಂಪು ಚಟ್ನಿ.
ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಂಡಿದ್ದವರು,
ಇವತ್ತಿಗೂ ಎರಡೇ ಬಣ್ಣದ ಮಾತು.
ಡಬ್ಬಿ ಇಸ್ಕೊಂಡು, ತೆರೆಯದೆ, ಅಂದರು:
"ಒರಗಿಸ್ಕೋ ಬೇಕಾದ್ರೆ. ಮೊಳೆ ಹೊಡೀಬೇಡ.
ನನ್ನ ಗೋಡೆಗೆ ಒಂದು ತೂತೂ ಬೀಳಬಾರದು."

ವೆಲ್ಡಿಂಗ್ ದಸ್ತಗೀರ್ ತಲೆ ಕೆರೆದುಕೊಂಡ.
"ಹಾಗಾದ್ರೆ ನಾಲ್ಕೂ ಕಾಲು ನಿಮ್ಮವೇ ಆಗ್ಬೇಕು ಅಕ್ಕಾ.
ಅದು ಒರಗೋದಲ್ಲ. ಪಕ್ಕದಲ್ಲಿ ನಿಲ್ಲೋದು."
ಎರಡು ಪೈಪಿನ ದುಡ್ಡು ಜಾಸ್ತಿ.
ಶ್ರಾವಣಕ್ಕೆ ಎತ್ತಬೇಕೆಂದಿದ್ದ ಚೀಟಿ
ಚೈತ್ರದಲ್ಲೇ ಕೂಗಿಬಿಟ್ಟೆ.

ಉದ್ದನೆ ಟ್ಯೂಬಿಗೆ ನೀರು ತುಂಬಿ
ಒಂದು ತುದಿ ಗೋಡೆಯ ಹತ್ತಿರ ಅವನು,
ಒಂದು ತುದಿ ಕಂಬದ ಹತ್ತಿರ ನಾನು.
ನೀರು ಅವನ ಕಡೆ ಏರಿತು, ನನ್ನ ಕಡೆ ಏರಿತು,
ಸ್ವಲ್ಪ ಹೊತ್ತು ಯೋಚಿಸಿತು,
ಆಮೇಲೆ ಎರಡೂ ಕಡೆ ಒಂದೇ ಗೆರೆಗೆ ನಿಂತಿತು.
"ಈಗ ಗುರುತು ಹಾಕಿ. ನಿಮ್ಮ ಕಡೆ ಆರಿಂಚು ಕೆಳಗೆ."
ಗೋಡೆ ಮೇಲೆ ಸೀಮೆಸುಣ್ಣ, ಅದೂ ಮೆಲ್ಲಗೆ.

ನೀಲಿ ಶೀಟು ಕೇಳಿದ್ದೆ, ಹಸಿರು ಬಂತು.
ಕಿಡಿ ಹಾರಿ ಪಪ್ಪಾಯಿ ಎಲೆಯಲ್ಲಿ ಎರಡು ತೂತು,
ತೂತು ಅಂತ ಬಿದ್ದದ್ದು ಅಲ್ಲಿ ಮಾತ್ರ.
ಗೋಡೆಗೂ ಮಾಡಿಗೂ ನಡುವೆ ಬೆರಳು ಸಂದು.
ಮಾತು ಉಳಿಸಿಕೊಂಡ ಜಂಬದಲ್ಲಿ
ಅಕ್ಕಿ ಡ್ರಮ್ಮು, ಸಿಲಿಂಡರು, ಸೌಟು, ಗಾಡಿ
ಎಲ್ಲ ಅದೇ ಸಂಜೆ ಒಳಗೆ.

ಮೊದಲ ಮಳೆ ರಾತ್ರಿ ಹನ್ನೊಂದಕ್ಕೆ.
ನೀರಿಗೆ ದಾರಿ ಯಾರು ಹೇಳಿಕೊಡಬೇಕು?
ಆ ಬೆರಳಗಲದಲ್ಲಿ ಇಡೀ ಆಕಾಶ ನುಗ್ಗಿ
ಗೋಡೆ ನೆಕ್ಕುತ್ತ ಇಳಿಯಿತು.
ನೆನೆಸಿದ್ದ ಉದ್ದು ಎರಡನೇ ಸಲ ನೆನೆಯಿತು.

ಐದನೇ ದಿನ ಅರುಳಪ್ಪನವರೇ ಬಂದರು,
ಒಂದು ಕೈಲಿ ಡ್ರಿಲ್ಲು, ಒಂದು ಕೈಲಿ ನನ್ನ ಹಳೇ ಡಬ್ಬಿ.
ಹನ್ನೊಂದು ವರ್ಷದಿಂದ ಓಡದ ಫಿಯಟ್ಟಿನ ಸೀಟಿಗೆ
ಬೂಷ್ಟು ಹಿಡಿದಿದೆಯಂತೆ.
"ನಿನಗೋಸ್ಕರ ಅಲ್ಲ," ಅಂದರು ಏಣಿ ಹತ್ತುತ್ತ,
"ನನ್ನ ಗೋಡೆಗೋಸ್ಕರ."
ಏಣಿ ಹಿಡಿದು ನಿಂತೆ.
ಮುಖದ ಮುಂದೆ ಅವರ ಹಿಮ್ಮಡಿ,
ಕಾಲುಚೀಲಕ್ಕೆ ಬೇರೆ ಬಣ್ಣದ ದಾರದ ಹೊಲಿಗೆ.
ಹನ್ನೆರಡು ತೂತು, ನಾನೇ ಎಣಿಸಿದೆ.
ಇಟ್ಟಿಗೆ ಪುಡಿ ಕೆಂಪಗೆ ನನ್ನ ಬೈತಲೆಗೆ ಬಿತ್ತು.
ತಗಡಿನ ಪಟ್ಟಿ ಬಡಿದು, ಮೇಲೆ ಸಿಮೆಂಟು ಸವರಿ,
ಇಳಿದವರು ಕೈ ತೊಳೆಯಲು ನೀರು ಕೂಡ ಕೇಳಲಿಲ್ಲ.

ಈಗ ಗ್ರೈಂಡರೂ ಅಲ್ಲೇ.
ಸಂಜೆ ಏಳರಿಂದ ಎಂಟೂವರೆ,
ಕೈ ಇಟ್ಟರೆ ಗೋಡೆ ನಡುಗುವುದು ತಿಳಿಯುತ್ತದೆ.
ಇವತ್ತು ಬೈತಾರೆ, ನಾಳೆ ಬೈತಾರೆ ಅಂತ ತಿಂಗಳು ಕಾದೆ.

ನಿನ್ನೆ ರುಬ್ಬಿರಲಿಲ್ಲ, ಮಗಳಿಗೆ ಜ್ವರ.
ಏಳೂಕಾಲಿಗೆ ಆ ಕಡೆ ಕಾರಿನ ಬಾಗಿಲು ತೆರೆದ ಸದ್ದು.
ಆಮೇಲೆ ಗೋಡೆಗೆ ಎರಡು ಬಡಿತ.
"ಏನಮ್ಮಾ,
ಇವತ್ತು ಸ್ಟಾರ್ಟ್ ಮಾಡಲ್ವಾ?"