ಶಿಲಾಜಿಹ್ವನ ಎಡಗೈ

ಮಂಡಿಪೇಟೆಯ ಹಿಂದೆ, ಮೆಕ್ಕೆಜೋಳದ ಗೋದಾಮಿನ ಮೇಲೆ
ಐದು ಕುರ್ಚಿ, ಐದು ಪರದೆ, ತಾಸಿಗೆ ನಲವತ್ತು ರೂಪಾಯಿ.
ಗಲ್ಲಾಪೆಟ್ಟಿಗೆಯ ಹಿಂದೆ ಕೂರುವವನು ನಾನು.
ಮೊದಲು ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚುತ್ತಿದ್ದೆ,
ಇಪ್ಪತ್ತೆರಡು ವರ್ಷ,
ಅದರಲ್ಲಿ ಹದಿನೆಂಟು ಬರೀ ರಕ್ಕಸರಿಗೆ.
ಹಾಗಾಗಿ ಹೊಸ ಆಟ ಬಂತೆಂದರೆ
ಹುಡುಗರು ಕತ್ತಿ ನೋಡುತ್ತಾರೆ,
ನಾನು ಹುಬ್ಬು ನೋಡುತ್ತೇನೆ.

ಈ ಸಲದ್ದು ಪುರಾಣದ ಆಟ.
ಏಳು ಪಾತಾಳ, ಏಳು ಕಾವಲು,
ನೀನೊಬ್ಬ ಹೆಸರಿಲ್ಲದ ಬಿಲ್ಲುಗಾರ.
ಕೊಂದಷ್ಟೂ ಪುಣ್ಯ ಏರುತ್ತದೆ
ಎಡಮೂಲೆಯ ಹಸಿರು ಪಟ್ಟಿಯಲ್ಲಿ.

ಒಪ್ಪಬೇಕಾದ್ದನ್ನು ಒಪ್ಪುತ್ತೇನೆ.
ಎರಡನೇ ಪಾತಾಳದ ನೀರಿದೆಯಲ್ಲ,
ಅದರ ಮೇಲೆ ಪಂಜಿನ ಬೆಳಕು ಮುರಿದು ಮುರಿದು ಕೂಡುವುದು!
ನಮ್ಮ ನದಿಗೆ ಆಚೆ ಈಚೆ ಇಬ್ಬರು ನಿಂತು
ನೀಲಿ ಸೀರೆ ಅಲ್ಲಾಡಿಸಬೇಕಿತ್ತು,
ಒಬ್ಬನಿಗೆ ಕೆಮ್ಮು ಬಂದರೆ ಪ್ರವಾಹ.
ಹೆದೆ ಎಳೆದರೆ ಕೈಯೊಳಗಿನ ಯಂತ್ರ ಗುಂಯ್ ಎನ್ನುತ್ತದೆ,
ಬಾಣ ಹೋದಮೇಲೂ ಬೆರಳಲ್ಲಿ ಅದರ ನಡುಕ.
ರಥದ ಭಾರವೂ ಸರಿ ಇದೆ. ಗಾಲಿ ಕೆಸರಿಗೆ ಹೂತಾಗ
ತಳ್ಳಲೆಂದು ನಾನೇ ಎದ್ದಿದ್ದೆ ಒಮ್ಮೆ.

ಆದರೆ ಮಾತು!
ದೇವತೆಗಳು ಬ್ಯಾಂಕಿನ ಫೋನಿನ ಹೆಂಗಸಿನ ಹಾಗೆ
‘ದಯವಿಟ್ಟು ಪೂರ್ವ ದಿಕ್ಕಿಗೆ ಸಾಗಿ’ ಎನ್ನುತ್ತಾರೆ.
ರಕ್ಕಸನೊಬ್ಬನೂ ಎದೆ ತಟ್ಟಿ ಕುಲ ಹೇಳುವುದಿಲ್ಲ,
ಒಂದು ಕಂದವಿಲ್ಲ, ಒಂದು ಸವಾಲಿಲ್ಲ,
ಬಂದ, ಗುರ್ರೆಂದ, ಬಿದ್ದ.
ಬಿದ್ದವನು ಹೊಗೆ. ಅಲ್ಲೊಂದು ಚಿನ್ನದ ನಾಣ್ಯ.

ನಮ್ಮ ಹದಡಿ ಗುರುಶಾಂತ
ಸಾಯಲು ಹನ್ನೊಂದು ನಿಮಿಷ ತೆಗೆದುಕೊಳ್ಳುತ್ತಿದ್ದ.
ಮೂರು ಸಲ ಎದ್ದು, ಹೆಂಡತಿಯನ್ನು ನೆನೆದು,
ಜನ ‘ಒನ್ಸ್ ಮೋರ್’ ಎಂದರೆ
ಮೀಸೆ ಸರಿಮಾಡಿಕೊಂಡು ಮತ್ತೊಮ್ಮೆ ಸಾಯುತ್ತಿದ್ದ.

ದಾದಾಪೀರ್ ಬರುವುದು ಸಂಜೆ ಏಳರ ಮೇಲೆ,
ಮಂಡಕ್ಕಿ ಭಟ್ಟಿ ಮುಗಿಸಿ,
ಹುಬ್ಬಿನ ಕೂದಲಲ್ಲಿ ಹೊಟ್ಟಿನ ಬೂದಿ.
ಐದನೇ ಪಾತಾಳ ಎಲ್ಲ ಬರೀ ಬೆಂಕಿ.
ನೋಡಿದ, ನಕ್ಕ:
‘ಇದು ಬೆಂಕಿ ಅಲ್ಲಣ್ಣ, ಲೈಟಿಂಗು.
ಬೆಂಕಿ ಮುಂದ ಇಷ್ಟೊತ್ತು ಯಾರೂ
ಕಣ್ಣು ಬಿಟ್ಕಂಡು ನಿಲ್ಲಂಗಿಲ್ಲ.’
ಮರಳು ಕಾಯುವ ಸದ್ದು ಬಲ್ಲವನ ಮಾತು,
ನಾನು ಏನೂ ಸೇರಿಸಲಿಲ್ಲ.

ಆ ರಾತ್ರಿಯೇ ಇರಬೇಕು,
ಮೆಣಸಿನಕಾಯಿ ಎಣ್ಣೆ ಸೇರಿ
ಹೊಡೆಯುವ ಗುಂಡಿ ಕಚ್ಚಿಕೊಂಡಿತು.
ಎದುರಿಗೆ ಕಾವಲಿನ ಶಿಲಾಜಿಹ್ವ, ತಾಳೆಮರದೆತ್ತರ.
ಬಾಣವಿಲ್ಲದೆ ನಿಂತೆವು, ಕಂಬದ ಮರೆಯಲ್ಲಿ.
ಅವನು ಅತ್ತ ತಿರುಗಿದ, ಇತ್ತ ತಿರುಗಿದ,
ಆಮೇಲೆ ಬಂಡೆಯ ಮೇಲೆ ಕೂತ.
ಕೂತು, ಎಡಗೈ ಎತ್ತಿ ಅಂಗೈ ನೋಡಿಕೊಂಡ.
ಅಲ್ಲೊಂದು ಹಳೆಯ ಸುಟ್ಟ ಕಲೆ.
ಹೆಬ್ಬೆರಳಿನಿಂದ ಮೆಲ್ಲಗೆ ಸವರಿದ.

ಯಾರೋ ಕೂತು ಬರೆದಿದ್ದಾರೆ ಆ ಕೈಯನ್ನು,
ಎಲ್ಲರೂ ಹೊಡೆಯುವ ಅವಸರದಲ್ಲಿರುತ್ತಾರೆಂದು ಗೊತ್ತಿದ್ದೂ.
ನಾನೂ ಕಿವಿಯ ಹಿಂದೆ ಅರದಾಳ ಹಚ್ಚುತ್ತಿದ್ದೆ;
ಮಾಲೀಕರು ಬಣ್ಣ ದಂಡ ಎನ್ನುತ್ತಿದ್ದರು.

ದಾದಾಪೀರ್ ಪರದೆಯ ಹತ್ತಿರ ಹೋದ.
‘ಇವನೂ ಭಟ್ಟಿಯವನ ಇರ್ಬೇಕು’ ಎಂದ.

ಮರುದಿನ ಸ್ಪಿರಿಟ್ ಹಾಕಿ ಗುಂಡಿ ಸರಿಮಾಡಿದೆ.
ಆದರೆ ಅವನನ್ನು ಕೊಲ್ಲದೆ ಮುಂದಿನ ಬಾಗಿಲು ತೆಗೆಯುವುದಿಲ್ಲ.
ಸುತ್ತು ಬಳಸಿ ನೋಡಿದೆವು, ಕಾದು ನೋಡಿದೆವು,
ಬಿಲ್ಲು ಕೆಳಗಿಡೋಣವೆಂದರೆ
ಅದಕ್ಕೊಂದು ಗುಂಡಿಯೇ ಇಲ್ಲ.
ಇಷ್ಟು ದುಡ್ಡು ಸುರಿದು ಕಟ್ಟಿದ ಪಾತಾಳ,
ಅದೊಂದನ್ನು ಮರೆತಿದ್ದಾರೆ.

ಈಗಲೂ ತಾಸು ಮುಗಿಯಲು ಹತ್ತು ನಿಮಿಷವಿದ್ದಾಗ
ದಾದಾಪೀರ್ ಐದನೆಯದಕ್ಕೆ ಇಳಿಯುತ್ತಾನೆ,
ಯಂತ್ರವನ್ನು ತೊಡೆಯ ಮೇಲಿಟ್ಟು ಕೂರುತ್ತಾನೆ.
ನಾನು ಲೆಕ್ಕದ ಪುಸ್ತಕ ಮುಚ್ಚಿ ಹಿಂದೆ ನಿಲ್ಲುತ್ತೇನೆ.

ಆರನೇ ಪಾತಾಳ ನಾವಿಬ್ಬರೂ ನೋಡಿಲ್ಲ.
ವಿನೋಬನಗರದ ಹುಡುಗರು ಹೇಳುತ್ತಾರೆ,
ಅಲ್ಲಿ ಹಿಮ ಬೀಳುತ್ತದಂತೆ,
ಚೆನ್ನಾಗಿದೆಯಂತೆ.